ಪದ ಪರಿಚಯ: ಹಸಿರು ಕ್ರೀಡಾಂಗಣ

ಕಟ್ಟಡ, ವಿದ್ಯುತ್, ನೀರು, ಕಸ ಮತ್ತು ಪ್ರೇಕ್ಷಕರ ಓಡಾಟದಿಂದ ಪರಿಸರದ ಮೇಲೆ ಬೀಳುವ ಹೊರೆಯನ್ನು ಲೆಕ್ಕವಿಟ್ಟು ಅಳೆಯುತ್ತ, ಅದನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಹೋಗುವ ಕ್ರೀಡಾಂಗಣವನ್ನು ಹಸಿರು ಕ್ರೀಡಾಂಗಣ ಎನ್ನುತ್ತಾರೆ. ಕಚೇರಿಗೋ ವಸತಿ ಸಮುಚ್ಚಯಕ್ಕೋ ಅನ್ವಯಿಸುವ ಪರಿಸರ ಲೆಕ್ಕ ಇಲ್ಲಿಗೆ ನೇರವಾಗಿ ಹೊಂದುವುದಿಲ್ಲ. ವಾರಗಟ್ಟಲೆ ಖಾಲಿ ಬಿದ್ದಿರುವ ಜಾಗಕ್ಕೆ ಒಂದು ಸಂಜೆ ಮೂವತ್ತು ನಲವತ್ತು ಸಾವಿರ ಜನ ಬಂದು, ನಾಲ್ಕೈದು ಗಂಟೆಗಳಲ್ಲಿ ಉಂಡು, ಕುಡಿದು, ಶೌಚಾಲಯ ಬಳಸಿ, ಒಟ್ಟಿಗೆ ಹೊರಟುಹೋಗುತ್ತಾರೆ. ಸರಾಸರಿ ದಿನದ ಲೆಕ್ಕ ಚೆನ್ನಾಗಿ ಕಂಡರೂ ಪಂದ್ಯದ ರಾತ್ರಿಯ ಲೆಕ್ಕ ಬೇರೆಯೇ ಇರುತ್ತದೆ, ಮತ್ತು ಕ್ರೀಡಾಂಗಣದ ನಿಜವಾದ ಪರೀಕ್ಷೆ ನಡೆಯುವುದು ಆ ರಾತ್ರಿಯೇ.

ಈ ವಿಷಯದಲ್ಲಿ ಎರಡು ಬಗೆಯ ಪ್ರಮಾಣಪತ್ರಗಳ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಹೊಸ ಕಟ್ಟಡಗಳಿಗೆ ಕೊಡುವ ಲೀಡ್ ಪ್ರಮಾಣಪತ್ರವು ವಿನ್ಯಾಸ ಮತ್ತು ನಿರ್ಮಾಣವನ್ನು ನೋಡಿ ಅಂಕ ಕೊಡುತ್ತದೆ. ತುಮಕೂರು ರಸ್ತೆಯಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಈ ಮಾನ್ಯತೆ ಪಡೆದಿರುವ ದೊಡ್ಡ ಸಮಾವೇಶ ತಾಣಗಳಲ್ಲಿ ಒಂದು. 2012ರ ಲಂಡನ್ ಒಲಿಂಪಿಕ್ಸ್ ಸಂದರ್ಭದಲ್ಲಿ ರೂಪುಗೊಂಡ ಐಎಸ್ಒ 20121 ಎಂಬ ಮಾನದಂಡ ಕಟ್ಟಡವನ್ನು ಬಿಟ್ಟು ಕಾರ್ಯಕ್ರಮದ ನಿರ್ವಹಣೆಯನ್ನು ನೋಡುತ್ತದೆ. ಇಷ್ಟು ಕಸ, ಇಷ್ಟು ನೀರು ಎಂಬ ಮಿತಿಯನ್ನು ಅದು ವಿಧಿಸುವುದಿಲ್ಲ. ಆಯೋಜಕರು ತಾವೇ ಗುರಿ ಇಟ್ಟುಕೊಂಡು, ಅದರಂತೆ ನಡೆದು, ಫಲಿತಾಂಶವನ್ನು ದಾಖಲಿಸಬೇಕೆಂದು ಕೇಳುತ್ತದೆ. ಗೋಡೆಯ ಮೇಲೆ ಇಂಥ ಪ್ರಮಾಣಪತ್ರ ತೂಗುತ್ತಿದೆ ಎಂದಮಾತ್ರಕ್ಕೆ ನಿನ್ನೆಯ ಪಂದ್ಯದ ಕಸ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ 2015ರಲ್ಲಿ ಅಲ್ಲಿನ ಪ್ರೇಕ್ಷಕರ ಗ್ಯಾಲರಿಯ ಚಾವಣಿಯ ಮೇಲೆ ಸುಮಾರು 400 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಫಲಕಗಳನ್ನು ಅಳವಡಿಸಿತು. ಬೆಂಗಳೂರಿನ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ ಎಂಬ ರೂಢಿಯ ಲೆಕ್ಕ ಹಿಡಿದರೆ, ಇಷ್ಟು ಫಲಕಗಳಿಂದ ದಿನಕ್ಕೆ ಸುಮಾರು 1,600 ಯೂನಿಟ್ ಬರಬೇಕು. ಆದರೆ ಐಪಿಎಲ್ ಪಂದ್ಯ ಶುರುವಾಗುವುದೇ ಸಾಮಾನ್ಯವಾಗಿ ಸಂಜೆ ಏಳೂವರೆಗೆ, ಆ ಹೊತ್ತಿಗೆ ಫಲಕಗಳ ದಿನದ ಕೆಲಸ ಮುಗಿದಿರುತ್ತದೆ. ಹೀಗಾಗಿ ಚಾವಣಿಯ ವಿದ್ಯುತ್ ಬೆಸ್ಕಾಂ ಜಾಲಕ್ಕೆ ಸೇರಿ, ಖಾಲಿ ದಿನಗಳ ಉತ್ಪಾದನೆ ಪಂದ್ಯದ ದಿನಗಳ ಬಳಕೆಗೆ ಪುಸ್ತಕದಲ್ಲಿ ಜಮೆಯಾಗುತ್ತದೆಯೇ ಹೊರತು, ಹೊನಲು ಬೆಳಕಿನ ದೀಪ ನೇರವಾಗಿ ಸೂರ್ಯನ ಶಕ್ತಿಯಿಂದ ಉರಿಯುವುದಿಲ್ಲ. ಇದು ಮೋಸವೇನಲ್ಲ, ವಾರ್ಷಿಕ ಲೆಕ್ಕದಲ್ಲಿ ಲಾಭ ನಿಜವಾದದ್ದೇ. ಆದರೂ ಎರಡನ್ನೂ ಒಂದೇ ಎಂಬಂತೆ ಹೇಳುವ ಪ್ರಚಾರವನ್ನು ಸ್ವಲ್ಪ ಎಚ್ಚರದಿಂದ ಓದಬೇಕು.

ಹೊನಲು ಬೆಳಕಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪ ಕ್ಷಣಮಾತ್ರ ಕರೆಂಟು ಹೋದರೂ ಆರಿಹೋಗುತ್ತದೆ, ಮತ್ತು ಬಿಸಿ ಇಳಿದು ಮತ್ತೆ ಪೂರ್ತಿ ಬೆಳಗಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ನೇರಪ್ರಸಾರದ ನಡುವೆ ಅಂಥ ಅಪಾಯ ಬೇಡವೆಂದು ನಮ್ಮ ದೇಶದ ಕ್ರೀಡಾಂಗಣಗಳಲ್ಲಿ ಹೊನಲು ಬೆಳಕಿಗೆ ಡೀಸೆಲ್ ಜನರೇಟರುಗಳನ್ನು ನೆಚ್ಚಿಕೊಳ್ಳುವುದು ರೂಢಿಯಾಯಿತು. ಎಲ್ಇಡಿ ದೀಪ ಸ್ವಿಚ್ ಒತ್ತಿದ ಕೂಡಲೇ ಬೆಳಗುವುದರಿಂದ ಅದು ಉಳಿಸುವ ಯೂನಿಟ್ಟುಗಳ ಜೊತೆಗೆ ಜನರೇಟರಿನ ಮೇಲಿನ ಅವಲಂಬನೆಯನ್ನೂ ಕಡಿಮೆ ಮಾಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ಯೊಹಾನ್ ಕ್ರೈಫ್ ಅರೀನಾ 2018ರಲ್ಲಿ ವಿದ್ಯುತ್ ಕಾರುಗಳ ಬ್ಯಾಟರಿಗಳನ್ನು ಜೋಡಿಸಿ 3 ಮೆಗಾವ್ಯಾಟ್ ಸಾಮರ್ಥ್ಯದ ಸಂಗ್ರಹ ವ್ಯವಸ್ಥೆಯನ್ನು ನಿರ್ಮಿಸಿಕೊಂಡಿತು. ಹಗಲಿನ ವಿದ್ಯುತ್ತನ್ನು ರಾತ್ರಿಗೆ ನಿಜವಾಗಿಯೂ ಒಯ್ಯಲು ಇಂಥ ಸಂಗ್ರಹವೇ ಬೇಕು.

ನೀರಿನ ಪ್ರಶ್ನೆ ಬೆಂಗಳೂರಿನಲ್ಲಿ ಗಟ್ಟಿಯಾಗಿ ಎದ್ದದ್ದು 2024ರ ಬೇಸಿಗೆಯಲ್ಲಿ. ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈದೋಟಕ್ಕೆ ನೀರುಣಿಸುವುದು ಮುಂತಾದವನ್ನು ಜಲಮಂಡಳಿ ನಿಷೇಧಿಸಿ ದಂಡ ವಿಧಿಸುತ್ತಿದ್ದಾಗ, ಐಪಿಎಲ್ ಮೈದಾನದ ಹುಲ್ಲಿಗೆ ಮಾತ್ರ ನೀರೆಲ್ಲಿಂದ ಎಂದು ಜನ ಕೇಳಿದ್ದು ಸಹಜವೇ ಆಗಿತ್ತು. ಕಬ್ಬನ್ ಉದ್ಯಾನದ ಘಟಕದಲ್ಲಿ ಶುದ್ಧೀಕರಿಸಿದ ತ್ಯಾಜ್ಯನೀರನ್ನು, ಪಂದ್ಯವೊಂದಕ್ಕೆ ಸುಮಾರು 75 ಸಾವಿರ ಲೀಟರಿನ ಅಗತ್ಯಕ್ಕೆ ತಕ್ಕಂತೆ, ಮೈದಾನಕ್ಕೆ ಪೂರೈಸಲು ಜಲಮಂಡಳಿ ಒಪ್ಪಿತು. ಹುಲ್ಲಿಗೂ ಶೌಚಾಲಯದ ಫ್ಲಶ್‌ಗೂ ಕಾವೇರಿ ನೀರು ಬೇಕಿಲ್ಲ. ಬೇರೆ ಬೇರೆ ಗುಣಮಟ್ಟದ ನೀರಿಗೆ ಬೇರೆ ಬೇರೆ ಕೊಳವೆ ಹಾಕುವ ಖರ್ಚನ್ನು ಕಟ್ಟುವಾಗಲೇ ಮಾಡಿದ್ದರೆ, ಬರ ಬಂದ ವರ್ಷ ಮಾತ್ರ ಎಚ್ಚೆತ್ತುಕೊಳ್ಳುವ ಪ್ರಮೇಯ ಬರುವುದಿಲ್ಲ.

ಇದೇ ಮೈದಾನದ ಸಬ್ಏರ್ ವ್ಯವಸ್ಥೆಯನ್ನೂ ಹಲವರು ಹಸಿರು ಕ್ರಮಗಳ ಸಾಲಿಗೆ ಸೇರಿಸುತ್ತಾರೆ. 2017ರಲ್ಲಿ ಅಳವಡಿಸಿದ ಈ ವ್ಯವಸ್ಥೆ ನೆಲದಡಿಯ ಕೊಳವೆಗಳ ಮೂಲಕ ಮಳೆನೀರನ್ನು ನಿಮಿಷಕ್ಕೆ ಸುಮಾರು 10 ಸಾವಿರ ಲೀಟರಿನಂತೆ ಹೀರಿ ತೆಗೆಯಬಲ್ಲದು. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಮುಂದುವರಿಯುವುದು ಪ್ರೇಕ್ಷಕರಿಗೆ ದೊಡ್ಡ ಉಪಕಾರ. ಆದರೆ ಅದು ಭಾರಿ ಮೋಟರುಗಳಿಂದ ನಡೆಯುವ, ವಿದ್ಯುತ್ ಬೇಡುವ ಯಂತ್ರ. ಹೀರಿದ ನೀರನ್ನು ಚರಂಡಿಗೆ ಬಿಟ್ಟರೆ ಅದು ಆಟದ ಅನುಕೂಲವಷ್ಟೇ. ಸಂಗ್ರಹಿಸಿ ಮರುಬಳಸಿದಾಗ ಮಾತ್ರ ಪರಿಸರದ ಲೆಕ್ಕಕ್ಕೆ ಬರುತ್ತದೆ.

ಸೌರ ಫಲಕ ದೂರದಿಂದಲೇ ಕಣ್ಣಿಗೆ ಬೀಳುವುದರಿಂದ ಅದಕ್ಕೆ ಹೆಸರು ಬೇಗ ಬರುತ್ತದೆ. ನನ್ನ ಮಟ್ಟಿಗೆ ಒಂದು ಕ್ರೀಡಾಂಗಣದ ಹಸಿರುತನ ತೀರ್ಮಾನವಾಗುವುದು ಗ್ಯಾಲರಿಯ ಹಿಂಬದಿಯಲ್ಲಿ, ಕಸ ವಿಂಗಡಿಸುವ ಜಾಗದಲ್ಲಿ. ಪಂದ್ಯ ಮುಗಿದ ಮೇಲೆ ಸೀಟಿನಡಿ ಸಿಗುವ ಒಂದೇ ಒಂದು ಊಟದ ಪೊಟ್ಟಣವನ್ನು ಬಿಚ್ಚಿ ನೋಡಿ: ಅರ್ಧ ತಿಂದ ಬಿರಿಯಾನಿ, ಅದರಲ್ಲೇ ಸಿಕ್ಕಿಸಿದ ಚಮಚ, ರಾಯಿತದ ಪುಟ್ಟ ಡಬ್ಬಿ, ಎಣ್ಣೆ ಕೈ ಒರೆಸಿದ ಟಿಶ್ಯೂ, ಮೇಲೊಂದು ಅಲ್ಯುಮಿನಿಯಂ ಹಾಳೆ. ಒಂದೊಂದಾಗಿ ಬಿಡಿಸಿದರೆ ಅನ್ನ ಗೊಬ್ಬರವಾಗುತ್ತದೆ, ಡಬ್ಬಿ ಗುಜರಿಗೆ ಹೋಗುತ್ತದೆ; ಒಟ್ಟಿಗೆ ಮುದ್ದೆಯಾಗಿ ಲಾರಿಗೆ ಬಿದ್ದರೆ ಎಲ್ಲವೂ ಭೂಭರ್ತಿಯ ಪಾಲು. ಪೇಪರ್ ಕಪ್ ಕಾಗದದ್ದೆಂದು ಕಂಡರೂ ಸಾಮಾನ್ಯವಾಗಿ ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರ ಅಂಟಿರುತ್ತದೆ. ‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಮಾರುವ ಲೋಟಗಳಲ್ಲಿ ಹಲವು ಮನೆಯ ಗೊಬ್ಬರದ ಗುಂಡಿಯಲ್ಲಿ ಕರಗುವುದಿಲ್ಲ. ಅವಕ್ಕೆ ಸುಮಾರು 60 ಡಿಗ್ರಿ ಬಿಸಿಯನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಘಟಕ ಬೇಕು. ಮಲೆನಾಡು ಕರಾವಳಿಯ ಅಡಿಕೆ ಹಾಳೆಯ ತಟ್ಟೆ ಈ ಯಾವ ಗೊಂದಲವನ್ನೂ ಒಡ್ಡದೆ ಹಸಿ ಕಸದ ಜೊತೆಗೇ ಹೋಗುತ್ತದೆ. ಅದಕ್ಕಿಂತಲೂ ಮೇಲಾದದ್ದು ತೊಳೆದು ಮತ್ತೆ ಬಳಸುವ ಪಾತ್ರೆ: ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಒದಗಿಸುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ, ಮತ್ತು 2006ರ ಜರ್ಮನಿಯ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಠೇವಣಿ ಪಡೆದು ಕೊಡುವ, ಮರಳಿಸಿದರೆ ಹಣ ವಾಪಸಾಗುವ ಲೋಟಗಳನ್ನು ಬಳಸಲಾಯಿತು.

ಶೂನ್ಯ ತ್ಯಾಜ್ಯ ಎಂಬ ಮಾತಿಗೂ ಇಲ್ಲಿ ನಿರ್ದಿಷ್ಟ ಅಳತೆಯಿದೆ. ಕಸವೇ ಹುಟ್ಟುವುದಿಲ್ಲ ಎಂದು ಅದು ಹೇಳುವುದಿಲ್ಲ. ಹುಟ್ಟಿದ ಕಸದಲ್ಲಿ ಶೇ 90ರಷ್ಟಾದರೂ ಭೂಭರ್ತಿಗೂ ಸುಡುವ ಒಲೆಗೂ ಹೋಗದಂತೆ ನೋಡಿಕೊಳ್ಳುವುದೇ ಒಪ್ಪಿತವಾದ ಮಟ್ಟ. ಅಟ್ಲಾಂಟಾದ ಮರ್ಸಿಡಿಸ್ ಬೆಂಜ್ ಕ್ರೀಡಾಂಗಣ 2022ರಲ್ಲಿ ಈ ಮಟ್ಟ ದಾಟಿ ಪ್ರಮಾಣಪತ್ರ ಪಡೆಯಿತು. ಭಾರತದಲ್ಲಂತೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಸೇರಿಸುವ ಆಯೋಜಕರು ಮೂರು ಕೆಲಸದ ದಿನ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದೂ ಕಸವನ್ನು ಮೂಲದಲ್ಲೇ ವಿಂಗಡಿಸಿ ಒಪ್ಪಿಸಬೇಕೆಂದೂ ಹೇಳಿದ್ದವು. ಎಷ್ಟು ಮದುವೆ, ಜಾತ್ರೆ, ಸಮಾವೇಶಗಳ ಆಯೋಜಕರಿಗೆ ಈ ನಿಯಮದ ಸುಳಿವಿತ್ತೋ ದೇವರೇ ಬಲ್ಲ.

ಕೊನೆಗೆ ಉಳಿಯುವುದು ಗೇಟಿನ ಹೊರಗಿನ ಲೆಕ್ಕ. ಕತಾರಿನಲ್ಲಿ ನಡೆದ 2022ರ ಫುಟ್‌ಬಾಲ್ ವಿಶ್ವಕಪ್‌ನಿಂದ ಸುಮಾರು 36 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಆಗುತ್ತದೆಂದು ಫಿಫಾ ಅಂದಾಜಿಸಿತ್ತು, ಮತ್ತು ಅದರಲ್ಲಿ ಸರಿಸುಮಾರು ಅರ್ಧದಷ್ಟು ಪ್ರಯಾಣದ್ದೇ ಆಗಿತ್ತು. ಆದ್ದರಿಂದ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವುದು ಹಸಿರು ಕ್ರೀಡಾಂಗಣದ ಲಕ್ಷಣಗಳಲ್ಲಿ ಬಹಳ ತೂಕದ್ದು. ಚಿನ್ನಸ್ವಾಮಿಯ ಪಕ್ಕದಲ್ಲೇ ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣವಿದೆ, ಐಪಿಎಲ್ ರಾತ್ರಿಗಳಲ್ಲಿ ರೈಲು ಸಂಚಾರದ ಅವಧಿಯನ್ನು ವಿಸ್ತರಿಸಲಾಗುತ್ತದೆ. 2006ರ ಜರ್ಮನಿಯಲ್ಲಿ ಪಂದ್ಯದ ಟಿಕೆಟ್ಟೇ ಆ ದಿನದ ಸ್ಥಳೀಯ ಬಸ್ಸು ರೈಲಿನ ಟಿಕೆಟ್ಟೂ ಆಗಿತ್ತು. ಊರ ಹೊರಗೆ ಹೊಸದಾಗಿ ಕಟ್ಟಿ, ಸುತ್ತ ಸಾವಿರಾರು ಕಾರುಗಳಿಗೆ ಜಾಗ ಬಿಟ್ಟ ಕ್ರೀಡಾಂಗಣದ ಚಾವಣಿಯ ತುಂಬ ಫಲಕಗಳಿದ್ದರೂ ಈ ಲೆಕ್ಕದಲ್ಲಿ ಅದು ಹಿಂದೆಯೇ ಉಳಿಯುತ್ತದೆ. ಕತಾರಿನ ವಿಶ್ವಕಪ್ಪು ‘ಇಂಗಾಲ ತಟಸ್ಥ’ ಎಂದು ಫಿಫಾ ಮಾಡಿದ್ದ ಪ್ರಚಾರಕ್ಕೆ ಆಧಾರ ಸಾಲದೆಂದು ಸ್ವಿಟ್ಜರ್ಲೆಂಡಿನ ಜಾಹೀರಾತು ನೀತಿ ಆಯೋಗ 2023ರ ಜೂನ್‌ನಲ್ಲಿ ತೀರ್ಮಾನಿಸಿತು.