ಪದ ಪರಿಚಯ: ಎಲೆಕ್ಟ್ರಾನ್–ಅಯಾನು ಕೋಇನ್ಸಿಡೆನ್ಸ್

ಅನಿಲದ ಅಣುವೊಂದು ಸಾಕಷ್ಟು ಶಕ್ತಿಯುಳ್ಳ ಫೋಟಾನನ್ನು ಹೀರಿಕೊಂಡಾಗ ಅದರಿಂದ ಎಲೆಕ್ಟ್ರಾನ್ ಹೊರಬಿದ್ದು, ಧನಾವೇಶದ ಅಯಾನು ಉಳಿಯುತ್ತದೆ. ಇವೆರಡೂ ಒಂದೇ ಅಣುವಿನಿಂದ ಬಂದವೆಂದು ಕಾಲದ ಲೆಕ್ಕದಿಂದ ಗುರುತಿಸಿ, ಜೋಡಿಯಾಗಿ ದಾಖಲಿಸುವ ವಿಧಾನವೇ ಎಲೆಕ್ಟ್ರಾನ್–ಅಯಾನು ಕೋಇನ್ಸಿಡೆನ್ಸ್. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತರಬೇತಿಗೆ ಬರುವ ಶಿಕ್ಷಕರಿಗೆ, ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬೀಳುವ ದ್ಯುತಿವಿದ್ಯುತ್ ಪರಿಣಾಮ ಹೊಸದಲ್ಲ. ಆದರೆ ತರಗತಿಯ ಪ್ರಯೋಗದಲ್ಲಿ ಅಳೆಯುವುದು ಒಟ್ಟು ವಿದ್ಯುತ್ ಪ್ರವಾಹವನ್ನು, ಇಲ್ಲಿ ಹಿಡಿಯಬೇಕಾದದ್ದು ಬಿಡಿಬಿಡಿ ಕಣವನ್ನು.

ನಿರ್ವಾತ ಕೋಣೆಯೊಳಗೆ ಹಾಯಿಸಿದ ಅನಿಲದ ತೆಳು ಧಾರೆಯನ್ನು ಸಿಂಕ್ರೋಟ್ರಾನಿನ (ಎಲೆಕ್ಟ್ರಾನುಗಳನ್ನು ಅತಿವೇಗದಲ್ಲಿ ಸುತ್ತಿಸಿ ಬೆಳಕು ಹೊಮ್ಮಿಸುವ ಯಂತ್ರದ) ಬೆಳಕು ಅಡ್ಡಹಾಯುವಲ್ಲಿ ಹುಟ್ಟಿದ ಎಲೆಕ್ಟ್ರಾನನ್ನು ವಿದ್ಯುತ್ ಕ್ಷೇತ್ರ ಒಂದು ಕಡೆಗೂ ಅಯಾನನ್ನು ಎದುರು ಕಡೆಗೂ ಸೆಳೆಯುತ್ತದೆ. ಎರಡೂ ತುದಿಗಳಲ್ಲಿ ಮೈಕ್ರೋಚಾನಲ್ ಪ್ಲೇಟುಗಳಿರುತ್ತವೆ. ಇವು ಸುಮಾರು 10 ಮೈಕ್ರೋಮೀಟರ್ ಅಗಲದ ಲಕ್ಷಾಂತರ ನಾಳಗಳಿರುವ ತೆಳು ಗಾಜಿನ ಬಿಲ್ಲೆಗಳು. ಬಿಲ್ಲೆಯ ಎರಡು ಮುಖಗಳ ನಡುವೆ ಸುಮಾರು 1,000 ವೋಲ್ಟ್ ಇರುವುದರಿಂದ, ನಾಳದ ಗೋಡೆಗೆ ಬಡಿದ ಕಣ ಎಬ್ಬಿಸಿದ ಎಲೆಕ್ಟ್ರಾನುಗಳು ಮತ್ತೆ ಮತ್ತೆ ಗೋಡೆಗೆ ಬಡಿದು ಹೆಚ್ಚುತ್ತಾ ಹೋಗುತ್ತವೆ. ಎರಡು ಬಿಲ್ಲೆಗಳನ್ನು ಒಂದರ ಹಿಂದೊಂದು ಇಟ್ಟರೆ ಒಂದೇ ಕಣಕ್ಕೆ ಹತ್ತು ಲಕ್ಷದಷ್ಟು ಎಲೆಕ್ಟ್ರಾನುಗಳು ಹೊರಬರುತ್ತವೆ. ನಿಧಾನದ ಅಯಾನು ಗೋಡೆಯಿಂದ ಏನನ್ನೂ ಎಬ್ಬಿಸಲಾರದು, ಆದ್ದರಿಂದ ಅದನ್ನು ಮೊದಲೇ ಸುಮಾರು 2,000 ವೋಲ್ಟಿನಿಂದ ವೇಗಗೊಳಿಸುತ್ತಾರೆ.

ಇಂದೋರಿನ ಇಂಡಸ್-2ರಂತಹ ಸಿಂಕ್ರೋಟ್ರಾನ್ ಯಂತ್ರದಲ್ಲಿ ಬೆಳಕಿನ ಮಿಡಿತಗಳ ನಡುವಿನ ಅಂತರ ಸುಮಾರು 2 ನ್ಯಾನೊಸೆಕೆಂಡಿನಷ್ಟೇ ಇರಬಹುದಾದ್ದರಿಂದ, ಯಾವ ಮಿಡಿತದಿಂದ ಅಯಾನು ಹುಟ್ಟಿತೆಂದು ಹೇಳಲಾಗದು. ಹಾಗಾಗಿ ಮೊದಲು ತಲುಪುವ ಎಲೆಕ್ಟ್ರಾನೇ ಗಡಿಯಾರವನ್ನು ಚಾಲೂ ಮಾಡುತ್ತದೆ. 10 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 1,900 ಕಿಲೋಮೀಟರ್ ಓಡುತ್ತದೆ; ಅಯಾನಿಗೆ ಮೈಕ್ರೋಸೆಕೆಂಡುಗಳೇ ಬೇಕು, ಮತ್ತು ಆ ಅವಧಿ ದ್ರವ್ಯರಾಶಿಯನ್ನು ಆವೇಶದಿಂದ ಭಾಗಿಸಿದ ಬೆಲೆಯ ವರ್ಗಮೂಲವನ್ನು ಅನುಸರಿಸುತ್ತದೆ. ಸಾರಜನಕದಲ್ಲಿ ಇದು ಒಂದು ಪೇಚನ್ನು ತಂದಿಡುತ್ತದೆ: ಒಂದು ಆವೇಶದ ಒಂಟಿ ಪರಮಾಣುವಿಗೂ ಎರಡು ಆವೇಶದ ಇಡೀ ಅಣುವಿಗೂ ಆ ಬೆಲೆ 14 ಆದ್ದರಿಂದ, ಅಯಾನುಗಳು ಬಂದ ಕಾಲದ ನಕ್ಷೆಯಲ್ಲಿ ಎರಡೂ ಒಂದೇ ಜಾಗದಲ್ಲಿ ಶಿಖರವಾಗಿ ಕಾಣಿಸುತ್ತವೆ. ಬಿಡಿಸುವ ಸುಳಿವು ಶಿಖರದ ಅಗಲದಲ್ಲಿದೆ. ಅಣು ಒಡೆದಾಗ ಸಿಡಿದ ತುಂಡು ದಿಕ್ಕಿಗನುಗುಣವಾಗಿ ಬೇಗನೆಯೋ ತಡವಾಗಿಯೋ ಬಂದು ಶಿಖರವನ್ನು ಹರಡಿಸುತ್ತದೆ. ಒಡೆಯದ ಅಣುವಿನ ಶಿಖರ ಕಿರಿದಾಗಿ ಉಳಿಯುತ್ತದೆ.

ಬೆಳಕು ಪ್ರಖರವಾದಷ್ಟೂ ಒಳ್ಳೆಯದೆಂಬ ಎಣಿಕೆ ಈ ವಿಧಾನಕ್ಕೆ ಸಲ್ಲುವುದಿಲ್ಲ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ವೈರಿಗಳು ಒಬ್ಬೊಬ್ಬರಾಗಿ ನುಸುಳಿದ್ದರಿಂದಲೇ ಓಬವ್ವನ ಒನಕೆ ಕೆಲಸ ಮಾಡಿತು; ಇಲ್ಲಿಯೂ ಒಂದು ಅಳತೆಯ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಅಣುಗಳು ಅಯಾನಾದರೆ ಒಂದರ ಎಲೆಕ್ಟ್ರಾನ್ ಇನ್ನೊಂದರ ಅಯಾನಿನೊಡನೆ ಹುಸಿ ಜೋಡಿಯಾಗುತ್ತದೆ. ಇದನ್ನು ತಗ್ಗಿಸಲು ಅನಿಲದ ಒತ್ತಡವನ್ನೋ ಬೆಳಕನ್ನೋ ಇಳಿಸುತ್ತಾರೆ. ಆದರೂ ಉಳಿಯುವ ಹುಸಿ ಜೋಡಿಗಳ ಪ್ರಮಾಣವನ್ನು, ಎಲೆಕ್ಟ್ರಾನಿನ ಸಂಕೇತಕ್ಕೆ ಸಂಬಂಧವಿಲ್ಲದ ಯಾದೃಚ್ಛಿಕ ಕ್ಷಣಗಳಲ್ಲಿ ಗಡಿಯಾರವನ್ನು ಚಾಲೂ ಮಾಡಿ ಅಳೆದು, ಅಸಲಿ ದಾಖಲೆಯಿಂದ ಕಳೆಯುತ್ತಾರೆ.