‘ಪಟ್ಲಂ ನಾಹೀ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ಉದ್ದಕ್ಕೆ ವಾದ ಮಾಡಿ, ಅದು ನಮಗೆ ಸರಿಯೆನಿಸದಿದ್ದರೆ ಬಾಯಿಗೆ ಬರುವುದು ಮರಾಠಿಯ ‘ಪಟ್ಲಂ ನಾಹೀ’. ‘ಮನವರಿಕೆಯಾಗಲಿಲ್ಲ’ ಅಂದರೆ ಮಕ್ಕಳು ನಗುತ್ತಾರೆ. ಕನ್ನಡದಲ್ಲಿ ಏನನ್ನಬೇಕು? (ಮುಂಬಯಿ ಬಳಿಯ ಡೊಂಬಿವಲಿಯಿಂದ)

ಉತ್ತರ: ಮಕ್ಕಳು ನಗುವುದರಲ್ಲಿ ತಪ್ಪಿಲ್ಲ, ‘ಮನವರಿಕೆ’ ಅರ್ಜಿಯ ಭಾಷೆ. ಮನೆಯಲ್ಲಿ ನಾವೆಲ್ಲ ಅನ್ನುವುದು ‘ಯಾಕೋ ಮನಸ್ಸು ಒಪ್ಪಲಿಲ್ಲ’ ಎಂದು. ಕರಾವಳಿಯಿಂದ ಮುಂಬಯಿಗೆ ಬಂದವರು ‘ಸಮ ಕಾಣುದಿಲ್ಲ ಮಾರಾಯ್ರೆ’ ಅಂದಾರು. ವಿಜಯಪುರ, ಕಲಬುರಗಿಯವರಾದರೆ ‘ಬರೋಬರಿ ಅನ್ಸವಲ್ದು’. ಮೂರರಲ್ಲಿ ಯಾವುದಾದರೂ ಆದೀತು.

ಆದರೆ ಇವೆಲ್ಲ ನಿಮ್ಮ ಮನಸ್ಸಿನ ಸುದ್ದಿಯಾಯಿತು. ಎದುರಿನವರ ವಾದ ಎಲ್ಲಿ ಕೈಕೊಟ್ಟಿತು ಎಂದು ತೋರಿಸಬೇಕಾದರೆ ಬೇರೆ ಮಾತು ಬೇಕು. ಅಲ್ಲಿ ನಮ್ಮ ಭಾಷೆ ಹೊಲಗದ್ದೆಯ ಕಡೆ ಹೋಗುತ್ತದೆ. ಭತ್ತ ತೂರಿದಾಗ ಗಾಳಿಗೆ ಹಾರಿಹೋಗುವ, ಒಳಗೆ ಅಕ್ಕಿ ಕಟ್ಟದ ಕಾಳು ಜೊಳ್ಳು. ಹೊರಗಿನಿಂದ ನೋಡಿದರೆ ಅದೂ ಭತ್ತವೇ. ಟೊಳ್ಳು ಎಂದರೆ ನೆಟ್ಟಗೆ ನಿಂತಿದ್ದರೂ ಒಳಗೆ ಖಾಲಿಯಾದ ಮರ. ತಟ್ಟಿದರೆ ಸದ್ದು ಮಾತ್ರ ಜೋರು. ಒಂದೇ ಪ್ರಶ್ನೆಗೆ ಹಾರಿಹೋಗುವ ವಾದವನ್ನು ನಾನು ಜೊಳ್ಳು ಅನ್ನುತ್ತೇನೆ, ದನಿ ಏರಿಸಿ ನಿಲ್ಲಿಸಿದ್ದನ್ನು ಟೊಳ್ಳು. ನಿಘಂಟು ಇಷ್ಟು ಕಟ್ಟುನಿಟ್ಟಲ್ಲ, ಇದು ನನ್ನ ಲೆಕ್ಕ. ಎರಡಕ್ಕೂ ಸಲ್ಲುವುದು ‘ಹುರುಳಿಲ್ಲ’. ಈ ಹುರುಳು ಹಳಗನ್ನಡದ ‘ಪುರುಳ್’, ಮುಂಬಯಿ ಮಾಟುಂಗದ ತಮಿಳರ ‘ಪೊರುಳ್’ ಇದರ ದಾಯಾದಿ. ತಿನ್ನುವ ಹುರುಳಿಯನ್ನು ಇದಕ್ಕೆ ಗಂಟು ಹಾಕಬೇಡಿ.

ಕಾರಣ ಕೊಟ್ಟಂತೆ ಮಾಡಿ ಜಾರಿಕೊಂಡರೆ ಅದು ಕುಂಟುನೆಪ. ಮರಾಠಿಯವರೂ ‘ಲಂಗಡೀ ಸಬಬ್’ ಅನ್ನುತ್ತಾರೆ, ಅಲ್ಲೂ ಕಾಲೇ ಕುಂಟು. ನಮ್ಮ ‘ಸಬೂಬು’ ಅದೇ ಸಬಬ್. ಅರಬ್ಬಿಯಲ್ಲಿ ಅದಕ್ಕೆ ಬರೀ ‘ಕಾರಣ’ ಎಂದರ್ಥ. ನಮ್ಮಲ್ಲಿಗೆ ಬರುವಷ್ಟರಲ್ಲಿ ಮರ್ಯಾದೆ ಕಳೆದುಕೊಂಡಿತ್ತು.

ಇನ್ನು ‘ವಿತಂಡವಾದ’. ಹಟ ಹಿಡಿದವರಿಗೆಲ್ಲ ಇದನ್ನು ಅಂಟಿಸುತ್ತೇವೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರದು ಮೊಂಡುವಾದ, ಅವರಿಗೆ ಮೊಲವಾದರೂ ಇದೆ. ನಮ್ಮ ಹಳೆಯ ತರ್ಕಶಾಸ್ತ್ರದ ಮೂಲಗ್ರಂಥ ಗೌತಮನ ನ್ಯಾಯಸೂತ್ರದ ಪ್ರಕಾರ ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನ ಪಕ್ಷವನ್ನೇ ಇಡದೆ ಎದುರಿನದನ್ನು ಬರೀ ಕೆಡವುವುದು ವಿತಂಡ. ಆ ಶಾಸ್ತ್ರದ 16 ಪದಾರ್ಥಗಳಲ್ಲಿ, ಅಂದರೆ ಚರ್ಚೆಯ ವಿಷಯಗಳಲ್ಲಿ, ಈ ಮೂರಕ್ಕೂ ಜಾಗವಿದೆ. ಹುಸಿ ಕಾರಣಗಳಿಗೆ ಅಲ್ಲಿ ಹೇತ್ವಾಭಾಸ ಎಂದು ಹೆಸರು, ಅವು 5 ಬಗೆ.

ಅದರಲ್ಲೊಂದು ನಮ್ಮ ಬಾತ್‌ರೂಮಿನ ಚಾವಣಿಯಲ್ಲೇ ಸಿಕ್ಕಿತು. ಕಳೆದ ಮಳೆಗಾಲದಲ್ಲಿ ಚಪಾತಿಯಷ್ಟಗಲ ಒದ್ದೆ ಕಲೆ ಎದ್ದಿತು. ಮೀಟಿಂಗಿನಲ್ಲಿ ಎತ್ತಿದೆ. ‘ಬಿಲ್ಡಿಂಗ್ ಹಳೇದು, ಅದಕ್ಕೇ ಸೋರ್ತದೆ’ ಎಂದು ಸೆಕ್ರೆಟರಿ ಅಂದರು. ‘ಬಿ ವಿಂಗೂ ಅದೇ ವರ್ಷದ್ದಲ್ವಾ, ಅಲ್ಲಿ ಹನಿಯೂ ಬೀಳೋದಿಲ್ಲವಲ್ಲ?’ ಅಂದೆ. ಸೋರುವಲ್ಲೂ ಸೋರದಲ್ಲೂ ಇರುವ ಕಾರಣಕ್ಕೆ ನೈಯಾಯಿಕರು, ಅಂದರೆ ಆ ನ್ಯಾಯಶಾಸ್ತ್ರದವರು, ‘ಸವ್ಯಭಿಚಾರ’ ಅನ್ನುತ್ತಾರೆ, ಅಂದರೆ ಊರೆಲ್ಲ ಅಲೆಯುವ ಕಾರಣ. (ಮೀಟಿಂಗಿನಲ್ಲಿ ಈ ಪದ ಬಳಸಬೇಡಿ, ಬೇರೆಯದೇ ಜಗಳವಾದೀತು.) ಮೇಲಿನ ಮನೆಯವರು ಜಾಸ್ತಿ ನೀರು ಸುರಿಯುತ್ತಾರೆ ಎಂದು ಸೆಕ್ರೆಟರಿ ಅಂದರು. ಆ ಮನೆಯವರು ಮೂರು ತಿಂಗಳಿಂದ ತಮ್ಮೂರಲ್ಲಿದ್ದಾರೆ ಅಂದೆ. ‘ಹಾಗಾದರೆ ಕಾರಣ ಏನು, ನೀವೇ ಹೇಳಿ’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಊರಿನ ಹಿರಿಯರೊಬ್ಬರು ಮೆಲ್ಲಗೆ ಮೊಣಕೈ ತಿವಿದರು: ‘ಸಾಕು ಮಾರಾಯ, ವಿತಂಡವಾದ ಮಾಡ್ಬೇಡ.’

ಶಾಸ್ತ್ರದ ಲೆಕ್ಕದಲ್ಲಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಲೆ ಈಗ ಗೀಸರ್ ತನಕ ಬಂದಿದೆ.