ಸಾವಿರ ಪೌಂಡ್ ಕೈಗೆ ಬಂದರೂ ವಿಸ್ಲರ್ ಮುನಿದದ್ದೇಕೆ?

ಪ್ರಶ್ನೆ: ಲಂಡನ್ನಿನ ತನ್ನ ಮನೆಯಲ್ಲಿ ಚಿತ್ರಕಾರ ವಿಸ್ಲರ್ ನವಿಲುಗಳನ್ನು ಬರೆದು ಅಲಂಕರಿಸಿದ 'ನವಿಲು ಕೋಣೆ'ಗೆ ಹಡಗು ಕಂಪನಿಯ ಮಾಲೀಕ ಲೇಲ್ಯಾಂಡ್ ಸಾವಿರ ಪೌಂಡ್ ಕೊಟ್ಟನಂತೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಹಾಗಿದ್ದೂ ವಿಸ್ಲರ್ ಅದನ್ನು ಅವಮಾನವೆಂದು ತೆಗೆದುಕೊಂಡದ್ದು ಯಾಕೆ?

ಉತ್ತರ: ಮೊದಲು ನಾಣ್ಯದ ಲೆಕ್ಕ. ಪೌಂಡಿಗೆ 20 ಷಿಲಿಂಗ್, ಗಿನಿಗೆ 21. ಗಿನಿ ನಾಣ್ಯ ಟಂಕಿಸುವುದು 1814ಕ್ಕೇ ನಿಂತಿತ್ತು. ಆದರೂ ವೈದ್ಯರು, ವಕೀಲರು, ಚಿತ್ರಕಾರರು ಸಂಭಾವನೆ ಹೇಳುತ್ತಿದ್ದದ್ದು ಗಿನಿಯಲ್ಲೇ. ಬಡಗಿಗೂ ಅಂಗಡಿಯವನಿಗೂ ಪೌಂಡ್. ವಿಸ್ಲರ್ ಕೇಳಿದ್ದು 2000 ಗಿನಿ. ಲೇಲ್ಯಾಂಡ್ ಅರ್ಧಕ್ಕೆ ಇಳಿಸಿದ. ಸಾಲದ್ದಕ್ಕೆ ಆ ಅರ್ಧವನ್ನೂ ಪೌಂಡಿನಲ್ಲಿ ಪಾವತಿಸಿದ. 1000 ಗಿನಿ ಅಂದರೆ 1050 ಪೌಂಡ್. ಕತ್ತರಿ ಬಿದ್ದದ್ದು 50 ಪೌಂಡಿಗೆ, ಪೆಟ್ಟು ಬಿದ್ದದ್ದು ಮಾನಕ್ಕೆ. ಗೋಡೆಗೆ ಸುಣ್ಣ ಹೊಡೆದವನ ಸಾಲಿಗೆ ತನ್ನನ್ನು ಸೇರಿಸಿದರು ಎಂದು ವಿಸ್ಲರ್ ಕುದಿದುಹೋದ.

ಇಷ್ಟು ನೋಯಲು ಹಳೆಯ ಸಲಿಗೆಯೂ ಕಾರಣ. ಫ್ರೆಡರಿಕ್ ಲೇಲ್ಯಾಂಡ್ ಬರಿಯ ಗಿರಾಕಿಯಾಗಿರಲಿಲ್ಲ. ಲಿವರ್‌ಪೂಲ್ ಬಳಿಯ ಸ್ಪೀಕ್ ಹಾಲ್‌ನಲ್ಲಿದ್ದ ಅವನ ಮನೆಯಲ್ಲಿ ವಿಸ್ಲರ್ ವಾರಗಟ್ಟಲೆ ಉಳಿದು ಮನೆಮಂದಿಯ ಚಿತ್ರ ಬರೆದಿದ್ದ. ತನ್ನ ರಾತ್ರಿಯ ನದೀದೃಶ್ಯಗಳನ್ನು ವಿಸ್ಲರ್ 'ಮೂನ್‌ಲೈಟ್' ಎಂದು ಕರೆಯುತ್ತಿದ್ದ. ಅವಕ್ಕೆ 'ನಾಕ್ಟರ್ನ್' ಎಂಬ ಸಂಗೀತದ ಹೆಸರು ಸೂಚಿಸಿದವನು, ಪಿಯಾನೊ ಹುಚ್ಚಿನ ಈ ಲೇಲ್ಯಾಂಡನೇ. ರೊಸೆಟ್ಟಿ, ಬರ್ನ್-ಜೋನ್ಸ್ ಅವರಿಂದಲೂ ಅವನು ಚಿತ್ರ ಬರೆಸಿಕೊಂಡಿದ್ದ.

ಎಡವಟ್ಟಾದದ್ದು ಕರಾರಿನಲ್ಲಿ. ಲಂಡನ್ನಿನ 49 ಪ್ರಿನ್ಸಸ್ ಗೇಟ್ ಮನೆಯ ಊಟದ ಕೋಣೆಯ ವಿನ್ಯಾಸ ಥಾಮಸ್ ಜೆಕಿಲ್‌ನದು: ಗೋಡೆಗೆ ಹೂಬಳ್ಳಿಯ ಹಳೆಯ ತೊಗಲು, ಚೀನೀ ನೀಲಿ-ಬಿಳಿ ಪಿಂಗಾಣಿ ಇಡಲು ವಾಲ್‌ನಟ್ ಕಪಾಟುಗಳು, ಅಗ್ಗಿಷ್ಟಿಕೆಯ ಮೇಲೆ ವಿಸ್ಲರನದೇ ಒಂದು ಚಿತ್ರ. 1876ರಲ್ಲಿ ಜೆಕಿಲ್ ಕಾಯಿಲೆ ಬಿದ್ದ. ತೊಗಲಿನ ಹೂಗಳ ಬಣ್ಣ ತನ್ನ ಚಿತ್ರಕ್ಕೆ ಹೊಂದುವುದಿಲ್ಲವೆಂದು ವಿಸ್ಲರ್ ಅಲ್ಲಲ್ಲಿ ಹಳದಿ ತಾಗಿಸಿದ. ಲೇಲ್ಯಾಂಡ್ ಒಪ್ಪಿದ್ದು ಇಷ್ಟಕ್ಕೆ. ಅವನು ಲಿವರ್‌ಪೂಲ್‌ಗೆ ಹೋದದ್ದೇ ತಡ, ದುಬಾರಿ ತೊಗಲಿನ ಮೇಲೆಲ್ಲ ನೀಲಿ ಹರಿಯಿತು, ಕಪಾಟುಗಳಿಗೆ ಹೊನ್ನಿನ ಲೇಪ ಬಂತು, ಛಾವಣಿಗೆ ಚಿನ್ನದಂತೆ ಕಾಣುವ ಲೋಹದ ಹಾಳೆ ಅಂಟಿಸಿ ಅದರ ಮೇಲೆ ನವಿಲುಗರಿ ಬರೆದದ್ದಾಯಿತು. ಅಂದಾಜು ಪಟ್ಟಿ ಇಲ್ಲ, ಇಂತಿಷ್ಟೇ ಕೆಲಸ ಎಂಬ ಬರಹವಿಲ್ಲ, ದರ ಹೇಳಿದ್ದು ಕೊನೆಗೆ. ಯಜಮಾನನನ್ನು ಕೇಳದೆ ಪತ್ರಕರ್ತರನ್ನೂ ಅದೇ ಮನೆಗೆ ಕರೆಸಿದ. ದುಡ್ಡಿನ ವಿಷಯದಲ್ಲಿ ಲೇಲ್ಯಾಂಡನ ಸಿಟ್ಟು ನ್ಯಾಯವಾದದ್ದೇ. ಗಿನಿಗೊಂದು ಷಿಲಿಂಗ್ ಮುರಿದುಕೊಂಡದ್ದು ಮಾತ್ರ ಸಣ್ಣತನ.

ಸೇಡು ಗೋಡೆಯ ಮೇಲೇ ಇದೆ. ವಿಸ್ಲರ್ ಒಂದು ತುದಿಗೆ ಜಗಳವಾಡುವ ಎರಡು ನವಿಲು ಬರೆದ. ಬಲಿಷ್ಠ ನವಿಲಿನ ಎದೆಯ ಗರಿಗಳು ನಾಣ್ಯದಂತಿವೆ, ಕಾಲಬುಡದಲ್ಲಿ ಚೆಲ್ಲಿರುವುದು ಬೆಳ್ಳಿ ಷಿಲಿಂಗ್‌ಗಳು. ಕತ್ತಿನ ನೆರಿಗೆ ಲೇಲ್ಯಾಂಡ್ ತೊಡುತ್ತಿದ್ದ ನೆರಿಗೆಯಂಗಿಯದು. ಬಡ ನವಿಲಿನ ಜುಟ್ಟಿನಲ್ಲಿ ಬೆಳ್ಳಿಯ ಒಂದೇ ಗರಿ, ವಿಸ್ಲರನ ತಲೆಯಲ್ಲಿದ್ದ ಬಿಳಿ ಕೂದಲೆಳೆಯ ಗುರುತು. ಹೆಸರು: 'ಕಲೆ ಮತ್ತು ಹಣ, ಅಥವಾ ಕೋಣೆಯ ಕಥೆ'.

1879ರಲ್ಲಿ ವಿಸ್ಲರ್ ದಿವಾಳಿಯಾದಾಗ ಅವನಿಂದ ಸಾಲ ಬರಬೇಕಿದ್ದ ಮುಖ್ಯರ ಪಟ್ಟಿಯಲ್ಲಿ ಲೇಲ್ಯಾಂಡನೂ ಇದ್ದ. ಲೇಲ್ಯಾಂಡನನ್ನು ಪಿಯಾನೊ ನುಡಿಸುವ ವಿಕಾರ ನವಿಲಾಗಿ ಬರೆದು ವಿಸ್ಲರ್ ಮತ್ತೊಮ್ಮೆ ಹಂಗಿಸಿದ. ಬರ್ನ್-ಜೋನ್ಸ್ ಜೊತೆಗಿನ ಲೇಲ್ಯಾಂಡನ ಸ್ನೇಹಕ್ಕೆ ಮಾತ್ರ ಧಕ್ಕೆ ಬರಲಿಲ್ಲ. 1892ರಲ್ಲಿ ತೀರಿಕೊಂಡ ಲೇಲ್ಯಾಂಡನ ಸಮಾಧಿಯ ವಿನ್ಯಾಸ ಬರ್ನ್-ಜೋನ್ಸ್‌ನದೇ.

ಮುನಿಸೇನೇ ಇರಲಿ, ಲೇಲ್ಯಾಂಡ್ ಆ ಗೋಡೆಗಳನ್ನು ಅಳಿಸಲಿಲ್ಲ. ನವಿಲುಗಳೆದುರೇ ಊಟ ಮಾಡುತ್ತಿದ್ದ. 1904ರಲ್ಲಿ ಅಮೆರಿಕದ ಚಾರ್ಲ್ಸ್ ಲ್ಯಾಂಗ್ ಫ್ರೀರ್ ಇಡೀ ಕೋಣೆಯನ್ನೇ ಕೊಂಡು ಬಿಚ್ಚಿಸಿ ಡೆಟ್ರಾಯಿಟ್‌ಗೆ ಸಾಗಿಸಿದ. ಈಗ ಅದು ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯಲ್ಲಿದೆ.